ಸವಾರನ ಹಿಮ್ಮಡಿಯ ಮುಳ್ಳು

ಕುದುರೆಯ ದಂಡೆಂದೊಡನೆ ನಮಗೆ ನೆನಪಾಗುವುವು ಕತ್ತಿ ಮತ್ತು ಭರ್ಜಿ. ಸವಾರನ ಬೂಟಿನ ಹಿಂದಿದ್ದ ಸಣ್ಣ ಲೋಹದ ತುಂಡನ್ನು ಯಾರೂ ನೆನೆಯುವುದಿಲ್ಲ. ಇಂಗ್ಲಿಷರು ಸ್ಪರ್ ಎನ್ನುವ ಈ ಹಿಮ್ಮಡಿಯ ಮುಳ್ಳನ್ನು ಅಕ್ಕರೆಯಿಂದ ಸಂಗ್ರಹಿಸುವವರೂ ಉಂಟು. ಅದರಲ್ಲಿ ಅವರು ಕಾಣುವುದೇನು, ಪಣಂಬೂರಿನಂತಹ ಕಡಲ ತೀರದಲ್ಲಿ ಅದನ್ನು ಕಾಪಾಡುವುದು ಹೇಗೆ ಎಂಬುದನ್ನು ವಿಚಾರಮಾಡೋಣ.

ಯುದ್ಧದಲ್ಲಿ ಸವಾರನ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಭರ್ಜಿ. ಚಾವಟಿಗೆ ಮೂರನೆಯ ಕೈಯಿಲ್ಲ. ಆದುದರಿಂದ ಅವನು ಕುದುರೆಗೆ ಕಾಲಿನಿಂದಲೇ ಸನ್ನೆಮಾಡಬೇಕು. ಮುಳ್ಳಿನ ಅಂಗಗಳು ಮೂರು: ಹಿಮ್ಮಡಿಯನ್ನು ತಬ್ಬುವ ಕಮಾನು, ಹಿಂದಕ್ಕೆ ಚಾಚಿದ ಕತ್ತು, ಕತ್ತಿನ ಕೊನೆಯ ಮೊನೆ. ಯೂರೋಪಿನಲ್ಲಿ ಮೊದಲು ಒಂಟಿ ಮೊನೆಯಿದ್ದು, 13ನೆಯ ಶತಮಾನದಿಂದೀಚೆಗೆ ತಿರುಗುವ ಹಲ್ಲುಗಾಲಿ ರೂಢಿಗೆ ಬಂದಿತು. 19ನೆಯ ಶತಮಾನದಲ್ಲಿ ಚರ್ಮದ ಪಟ್ಟಿಯಿಲ್ಲದೆ ಬೂಟಿನ ಹಿಮ್ಮಡಿಯೊಳಕ್ಕೇ ಸಿಕ್ಕಿಸುವ ಮಾದರಿಯೂ ಬಳಕೆಯಲ್ಲಿತ್ತು. ಹೀಗೆ, ಕಟ್ಟುವ ಬಗೆಯಿಂದಲೂ ಕಾಲವನ್ನು ಊಹಿಸಬಹುದು.

ಈ ವಿಷಯ ನಮಗೆ ದೂರದ್ದಲ್ಲ. 1918ನೆಯ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಸೇರಿ, ತುರ್ಕರ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದರು. ಫಿರಂಗಿ, ಮೆಷಿನ್‌ಗನ್ನುಗಳ ಎದುರಿಗೆ ಕುದುರೆಯೇರಿ ಹೋದವರು ಅವರು. ಆ ಪಡೆಯ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಅದರ ಪರಂಪರೆ 1953ರಲ್ಲಿ ರಚಿತವಾದ 61ನೆಯ ಅಶ್ವದಳದಲ್ಲಿ ಕೂಡಿತು. ಆದರೆ 'ಇದು ಹೈಫಾದಲ್ಲಿ ತೊಟ್ಟದ್ದು' ಎಂದು ಮಾರುವವನು ಹೇಳಿದ ಮಾತ್ರಕ್ಕೆ ನಂಬಕೂಡದು. ಲೋಹದ ಮೇಲಿನ ಮುದ್ರೆ, ಅಂಕೆ, ಮನೆತನದ ಕಾಗದಪತ್ರ ಇವೇ ಸಾಕ್ಷಿಗಳು.

ಆ ಸಾಕ್ಷಿಗೆ ಮೊದಲ ವೈರಿ ಉಪ್ಪುಗಾಳಿ. ಉಪ್ಪಿನ ಕಣವು ಗಾಳಿಯ ತೇವವನ್ನು ಹೀರಿ ಕಬ್ಬಿಣದ ಮೇಲೆ ನಿಲ್ಲಿಸುತ್ತದೆ. ತುಕ್ಕು ಬೇಗ ಹಬ್ಬುತ್ತದೆ. ಬೆವರಿನಲ್ಲೂ ಉಪ್ಪಿರುವುದರಿಂದ ಬರಿಗೈಯಿಂದ ಮುಟ್ಟದಿರುವುದು ಲೇಸು. ಚರ್ಮದ ಪಟ್ಟಿ ತಗಲಿಕೊಂಡಿದ್ದ ಹಿತ್ತಾಳೆ ಹಸಿರುಗಟ್ಟುವುದುಂಟು. ಪಟ್ಟಿಯನ್ನು ಬೇರೆಯಾಗಿಯೇ ಇಡಬೇಕು. ಲೋಹವನ್ನು ಒಣ ಬಟ್ಟೆಯಿಂದೊರಸಿ, ತೆಳುವಾಗಿ ಮೇಣ ಸವರಿ, ತೇವವಿಲ್ಲದ ಪೆಟ್ಟಿಗೆಯಲ್ಲಿಡಬೇಕು.

ಎರಡನೆಯ ವೈರಿ ನಮ್ಮ ಉತ್ಸಾಹವೇ. ಹೊಳಪಿನ ಆಸೆಯಿಂದ ಮರಳುಕಾಗದ ಹಿಡಿದು ಉಜ್ಜಿದರೆ ತುಕ್ಕಿನೊಡನೆ ಮುದ್ರೆಯೂ ಅಳಿಯುತ್ತದೆ. ತುಕ್ಕನ್ನು ತಡೆದು ನಿಲ್ಲಿಸಬಹುದು. ಅಳಿದ ಅಕ್ಷರವನ್ನು ಮರಳಿ ತರಲಾಗದು. ಅಜ್ಜನ ಪೆಟ್ಟಿಗೆಯಲ್ಲಿ ಇಂತಹದೊಂದು ದೊರೆತರೆ, ಉಜ್ಜುವ ಮೊದಲು ಓದಿರಿ. ಅದರ ಕಥೆ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆಯೇ ಇಡಿರಿ.