ಕತ್ತರಿ ಹಿಡಿಯುವ ಮುನ್ನ ಹದಿನೈದು ನಿಮಿಷ ನೋಡ್ರಿ!

ಯುಗಾದಿಗೆ ಮುಂಚಿನ ಸ್ವಚ್ಛತೆಯ ಭರಾಟೆಯಲ್ಲಿ ಕೈತೋಟದ ಹಕ್ಕಿಗಳ ಬಾಣಂತನ ಕೆಡದಿರಲಿ

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಬೀದರಿನ ಕೆಂಪು ನೆಲದಲ್ಲಿ ಮುತ್ತುಗ ಹೂ ಬಿಡುವುದು, ಬೇವು ಎಲೆ ಉದುರಿಸಿ ಚಿಗುರುವುದು ಇದೇ ಹೊತ್ತಿಗೆ. ಜೊತೆಗೇ ಶುರುವಾಗುತ್ತದೆ ನಮ್ಮ ಯುಗಾದಿ ತಯಾರಿ! ಜೇಡರ ಬಲೆ ಗುಡಿಸು, ಸುಣ್ಣ-ಬಣ್ಣ ಹೊಡೆಸು, ಅಡ್ಡಾದಿಡ್ಡಿ ಬೆಳೆದ ದಾಸವಾಳ, ಮಲ್ಲಿಗೆ ಬಳ್ಳಿ ಕತ್ತರಿಸು...

ಆದರೆ ನಾವು ಮನೆ ಸ್ವಚ್ಛ ಮಾಡುವ ಈ ಫೆಬ್ರುವರಿ-ಮಾರ್ಚ್ ತಿಂಗಳಲ್ಲೇ ಅನೇಕ ಹಕ್ಕಿಗಳು ಮನೆ ಕಟ್ಟುತ್ತವೆ ಎಂಬುದು ಗೊತ್ತೇ? ಮಾಲಿಯ ಒಂದೇ ಕತ್ತರಿ ಏಟಿಗೆ ಎರಡು ಮೂರು ಮೊಟ್ಟೆಯ ಸಂಸಾರ ನೆಲಕ್ಕೆ ಬೀಳಬಹುದು. ಹಾಗಂತ ಸ್ವಚ್ಛತೆಯೇ ಬೇಡವೆಂದಲ್ಲ. ಮೊದಲು ನೋಡಿ, ಆಮೇಲೆ ಕತ್ತರಿ ಹಿಡಿಯಿರಿ ಅಷ್ಟೇ.

ಹೇಗೆ ನೋಡಬೇಕು?

ದುರ್ಬೀನು, ಕ್ಯಾಮೆರಾ ಏನೂ ಬೇಡ. ಬೆಳಗಿನ ಚಹಾ ಕಪ್ ಹಿಡಿದು ಅಡುಗೆಮನೆ ಕಿಟಕಿಯಲ್ಲೋ, ಮಾಳಿಗೆ ಮೇಲೋ ಹದಿನೈದು ನಿಮಿಷ ಅಲುಗಾಡದೆ ನಿಲ್ಲಿ. ಹಕ್ಕಿಯ ಬಣ್ಣಕ್ಕಿಂತ ಅದರ ಕೊಕ್ಕು ನೋಡಿ. ಕೊಕ್ಕಿನಲ್ಲಿ ನಾರು, ಹತ್ತಿ, ಒಣ ಹುಲ್ಲು ಇದ್ದರೆ ಗೂಡು ಕಟ್ಟುತ್ತಿದೆ. ಹುಳ ಕಚ್ಚಿಕೊಂಡು ಮತ್ತೆ ಮತ್ತೆ ಒಂದೇ ಕಡೆ ಹೋಗುತ್ತಿದ್ದರೆ ಅಲ್ಲಿ ಮರಿಗಳಿವೆ. ಎರಡು ಮೂರು ದಿನ ಹೀಗೆ ನೋಡಿದರೆ ಯಾವ ಗಿಡ ಮುಟ್ಟಬಾರದು ಎಂಬುದು ತಾನೇ ತಿಳಿಯುತ್ತದೆ.

ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ತಾರೀಕು, ಹಕ್ಕಿ, ಗಿಡ ಇಷ್ಟು ಬರೆದಿಡಿ. ಇಂಥದೇ ಲೆಕ್ಕ ಜಗತ್ತಿನಾದ್ಯಂತ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ಗೆ 2013ರಿಂದ ಭಾರತೀಯರೂ ಸೇರಿದ್ದಾರೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ, ಕನಿಷ್ಠ ಹದಿನೈದು ನಿಮಿಷ ಹಕ್ಕಿ ಎಣಿಸಿದರೆ ಸಾಕು. ಮಕ್ಕಳ ಜೊತೆ ಸೇರಿ ನೀವೂ ಎಣಿಸಬಹುದು.

ಯಾರ್ಯಾರು ಬರ್ತಾರೆ?

*ಸೂರಕ್ಕಿ:* ಹೆಬ್ಬೆರಳಿಗಿಂತ ತುಸು ದೊಡ್ಡದು, ಬಾಗಿದ ಕೊಕ್ಕು. ದಾಸವಾಳದ ಮಕರಂದ ಹೀರುತ್ತದೆ. ಬಳ್ಳಿಗೆ, ತಂತಿಗೆ, ಕೆಲವೊಮ್ಮೆ ಬಾಗಿಲ ಮುಂದೆಯೇ ಚೀಲದಂಥ ಗೂಡು ತೂಗುಬಿಡುತ್ತದೆ. ಗೂಡಿನ ನಾರನ್ನೆಲ್ಲ ಹೆಣೆದು ಹಿಡಿಯುವುದು ಜೇಡರ ಬಲೆ! ಹಾಗಾಗಿ ಮನೆಯೊಳಗಿನ ಬಲೆ ಗುಡಿಸಿ, ಹಿತ್ತಲ ಮೂಲೆಯದನ್ನು ಬಿಟ್ಟುಬಿಡಿ.

*ಬುಲ್‌ಬುಲ್ (ಪಿಕಳಾರ):* ತಲೆ ಮೇಲೆ ಪುಟ್ಟ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಕರಿಬೇವು, ಲಿಂಬೆ, ದಾಸವಾಳದ ಪೊದೆಯಲ್ಲಿ ಬಟ್ಟಲಿನಂಥ ಗೂಡು ಮಾಡುತ್ತದೆ. ಎದೆಯೆತ್ತರದಲ್ಲೇ ಇರುವುದರಿಂದ ಕತ್ತರಿಗೆ ಹೆಚ್ಚು ಬಲಿಯಾಗುವುದು ಇದೇ.

*ಸಿಂಪಿಗ ಹಕ್ಕಿ (ಟುವ್ವಿ):* ಅಗಲ ಎಲೆಯ ಅಂಚುಗಳನ್ನು ನಾರಿನಿಂದ ಹೊಲಿದು ಅದರೊಳಗೆ ಗೂಡು ಕಟ್ಟುತ್ತದೆ. ಮುದುಡಿದ ಎಲೆ ಎಂದು ಕಿತ್ತೆಸೆಯುವ ಮುನ್ನ ಒಮ್ಮೆ ಇಣುಕಿ ನೋಡಿ.

*ಕಂಚುಗಾರ ಹಕ್ಕಿ:* ‘ಟುಕ್ ಟುಕ್ ಟುಕ್’ ಎಂದು ಪಾತ್ರೆ ಬಡಿದ ಹಾಗೆ ಸದ್ದು. ನುಗ್ಗೆಯಂಥ ಮೆತ್ತನೆ ಮರದ ಒಣಕೊಂಬೆ ಕೊರೆದು ಸಂಸಾರ ಹೂಡುತ್ತದೆ. ಒಣಗಿದ ಕೊಂಬೆಯಲ್ಲಿ ದುಂಡನೆ ತೂತು ಕಂಡರೆ ಕಡಿಸಬೇಡಿ.

*ಕೋಗಿಲೆ:* ಕೂಗುವುದು ಕರಿ ಬಣ್ಣದ ಗಂಡು. ಹೆಣ್ಣಿಗೆ ಕಂದು ಮೈಮೇಲೆ ಬಿಳಿ ಚುಕ್ಕೆ. ಕಾಗೆ ಗೂಡಿನಲ್ಲಿ ಮೊಟ್ಟೆಯಿಡುವ ಜಾಣೆ ಇವಳೇ!

ಕರಿಬೇವಿನ ಹುಳ ಯಾರು?

ಕರಿಬೇವು, ಲಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಕಂಡೊಡನೆ ಔಷಧ ಹೊಡೆಯುತ್ತೇವೆ. ಅದು ಬೆಳೆದು ಹಸಿರಾಗಿ, ಕೊನೆಗೆ ಚೆಂದದ ನಿಂಬೆ ಚಿಟ್ಟೆಯಾಗುತ್ತದೆ. ಇನ್ನೊಂದು ಮಾತು: ಕಾಳು ತಿನ್ನುವ ಗುಬ್ಬಿ, ಮಕರಂದ ಹೀರುವ ಸೂರಕ್ಕಿ ಕೂಡ ಮರಿಗೆ ಕೊಡುವುದು ಹುಳುಹುಪ್ಪಟೆಯನ್ನೇ. ಔಷಧ ಹೊಡೆದರೆ ಮರಿಗಳ ಊಟ ಹೋದಂತೆ. ಹುಳ ಹೆಚ್ಚಾಗಿದ್ದರೆ ಕೈಯಿಂದ ಎತ್ತಿ, ಒಂದು ಗಿಡವನ್ನಾದರೂ ಅವಕ್ಕೆ ಬಿಡಿ.

ಗೂಡು ಸಿಕ್ಕರೆ ಏನು ಮಾಡಬೇಕು?

• ಆ ಗಿಡ ಒಂದು ತಿಂಗಳು ಹಾಗೇ ಇರಲಿ. ಬುಲ್‌ಬುಲ್ ಎರಡು ವಾರ ಕಾವು ಕೂಡುತ್ತದೆ, ಇನ್ನೆರಡು ವಾರದೊಳಗೆ ಮರಿ ಗೂಡು ಬಿಡುತ್ತದೆ. ಸೂರಕ್ಕಿಗೆ ತುಸು ಹೆಚ್ಚು ದಿನ ಬೇಕು. ಮರಿ ಹಾರಿದ ಮೇಲೆ ಧಾರಾಳವಾಗಿ ಕತ್ತರಿಸಿ.

• ಮಾಲಿಗೆ, ಬಣ್ಣ ಹೊಡೆಯುವವರಿಗೆ ಮುಂಚೆಯೇ ಹೇಳಿ. ಗೂಡಿರುವ ಕೊಂಬೆಗೆ ಗುರುತಿಗೆ ಬಟ್ಟೆ ಕಟ್ಟಬೇಡಿ, ಹಕ್ಕಿ ಬೆದರುತ್ತದೆ. ಕುಂಡವನ್ನೂ ಜಾಗ ಬದಲಿಸಬೇಡಿ.

• ಪದೇ ಪದೇ ಹೋಗಿ ಇಣುಕಬೇಡಿ. ನಿಮ್ಮನ್ನು ನೋಡಿಯೇ ಕಾಗೆ, ಬೆಕ್ಕು ಜಾಗ ಪತ್ತೆ ಹಚ್ಚುತ್ತವೆ.

• ಸಂಕ್ರಾಂತಿಯ ಗಾಳಿಪಟದ ದಾರ ಗಿಡಕ್ಕೆ ಸುತ್ತಿಕೊಂಡಿದ್ದರೆ ಬಿಡಿಸಿ ತೆಗೆಯಿರಿ. ಹಕ್ಕಿಯ ರೆಕ್ಕೆ, ಕಾಲಿಗೆ ಅದು ಉರುಳು.

ಮರಿ ಕೆಳಗೆ ಬಿದ್ದರೆ?

‘ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ’ ಎಂಬುದು ತಪ್ಪು ಕಲ್ಪನೆ. ಪುಕ್ಕ ಬಾರದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೆ ಇಡಿ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ ಎಂದರ್ಥ. ಬೆಕ್ಕಿಗೆ ಸಿಗದಂತೆ ಹತ್ತಿರದ ಪೊದೆಯಲ್ಲಿಟ್ಟು ದೂರ ಸರಿಯಿರಿ, ತಾಯಿ ಬಂದು ಉಣಿಸುತ್ತದೆ. ಬಾಯಿಗೆ ನೀರು ಹನಿಸಬೇಡಿ, ಹಾಲು ಅನ್ನ ಬೇಡವೇ ಬೇಡ.

ಒಂದು ಬಟ್ಟಲು ನೀರು

ನಮ್ಮ ಕಡೆ ಬಿಸಿಲು ಬೇಗ ಏರುತ್ತದೆ. ಎರಡು ಅಂಗುಲದೊಳಗಿನ ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಕೂರಲು ನಡುವೆ ಕಲ್ಲು ಹಾಕಿ. ನೆರಳಿರಲಿ, ಬೆಕ್ಕು ಅಡಗುವ ಸಂದಿ ಹತ್ತಿರ ಬೇಡ. ದಿನಾ ಬೆಳಿಗ್ಗೆ ತಟ್ಟೆ ಉಜ್ಜಿ ನೀರು ಬದಲಿಸಿದರೆ ಸೊಳ್ಳೆಯೂ ಆಗದು. ಉಪ್ಪಿನ ಬಿಸ್ಕತ್ತು, ಎಣ್ಣೆ ಪದಾರ್ಥದ ಬದಲು ಒಂದು ಹಿಡಿ ಜೋಳ, ಸಜ್ಜೆ ಚೆಲ್ಲಿ.

ಊರಾಚೆ ಹೋದಾಗ...

ಭಾಲ್ಕಿ, ಔರಾದ್ ಕಡೆಗೋ ಬಗದಲ್‌ಗೋ ನೆಂಟರ ಮನೆಗೆ ಹೊರಟರೆ ಕಿಟಕಿಯಾಚೆ ಕಣ್ಣಿರಲಿ. ತಂತಿಯ ಮೇಲೆ ಕೂತು, ಹಾರಿದೊಡನೆ ನೀಲಿ ರೆಕ್ಕೆ ಬಿಚ್ಚುವುದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಗುಲಾಬಿ ಮೈ, ಕಪ್ಪು ತಲೆಯ ಗುಂಪು ಕಂಡರೆ ಅವು ಗುಲಾಬಿ ಕಬ್ಬಕ್ಕಿಗಳು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದ ಅತಿಥಿಗಳು, ಮುತ್ತುಗದ ಮಕರಂದ ಕುಡಿದು ಏಪ್ರಿಲ್ ಹೊತ್ತಿಗೆ ವಾಪಸಾಗುತ್ತವೆ.

ಹಬ್ಬಕ್ಕೆ ಮನೆ ಲಕಲಕ ಹೊಳೆಯಲಿ. ಹಿತ್ತಲ ಒಂದು ಪೊದೆ ಮಾತ್ರ ಕೆದರಿಕೊಂಡೇ ಇರಲಿ ಬಿಡಿ. ಯಾರಾದರೂ ‘ಇದನ್ಯಾಕ್ರೀ ಕತ್ತರಿಸಿಲ್ಲ?’ ಎಂದು ಕೇಳಿದರೆ, ‘ಒಳಗ ಬಾಣಂತಿ ಅದಾಳ್ರೀ’ ಎನ್ನಿ!