ದೂಧಸಾಗರ: ರೈಲಿನಿಂದ ನೋಡುವ ಕಾಲ, ಹತ್ತಿರ ಹೋಗುವ ಕಾಲ



ನಮ್ಮ ಜತ್ತ ತಾಲೂಕಿನಂಥ ಬರದ ನಾಡಿನವರಿಗೆ ನೀರು ಮೇಲಿನಿಂದ ಬೀಳುವುದನ್ನು ನೋಡುವುದೇ ಒಂದು ಹಬ್ಬ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಅಕ್ಕನ ಮಗ ನನ್ನ ಮುಂದೆ ಕುಳಿತು, "ಮಾಮಾ, ಈ ಸಲ ಮಳ್ಯಾಗ ದೂಧಸಾಗರಕ್ಕ ಹೋಗೂಣ್ರಿ. ಕುಳೆಂದಾಗ ಇಳದು ಹಳಿ ಹಿಡಕೊಂಡು ನಡದ್ರ ಮುಟ್ಟತೀವಂತ" ಎಂದಾಗ ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು. ಅದೇ ಹಳಿ ಹಿಡಿದು ಒಮ್ಮೆ ನಾನೂ ನಡೆದಿದ್ದೆ.

ಮೊದಲು ಜಾಗದ ಪರಿಚಯ ಹೇಳುತ್ತೇನೆ. ದೂಧಸಾಗರ ಗೋವಾ ರಾಜ್ಯದಲ್ಲಿ, ಕರ್ನಾಟಕದ ಗಡಿಗೆ ತೀರ ಹತ್ತಿರದಲ್ಲಿದೆ. ಸುತ್ತಲಿನ ಕಾಡು ಭಗವಾನ್ ಮಹಾವೀರ ಅಭಯಾರಣ್ಯ. ಅದರ ಒಳಭಾಗವೇ ಮೊಲೆಂ ರಾಷ್ಟ್ರೀಯ ಉದ್ಯಾನ. ಕಾಡುಕೋಣ, ಚಿರತೆ, ದೊಡ್ಡ ಕೆಂಪಳಿಲು ಎಲ್ಲ ಇರುವ ಕಾಡು. ಜಲಪಾತದ ಎತ್ತರ 310 ಮೀಟರ್, ಅಂದರೆ ಸಾವಿರ ಅಡಿಗೂ ತುಸು ಹೆಚ್ಚು. ವಿಜಾಪುರದ ಗೋಳಗುಮ್ಮಟ ನೋಡಿದ್ದೀರಲ್ಲ, ಅಂಥ ಆರು ಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟಷ್ಟು. ನಮ್ಮ ಜೋಗ 253 ಮೀಟರ್. ಆದರೆ ಜೋಗದ ರಾಜಾ ಒಂದೇ ನೆಗೆತಕ್ಕೆ ಧುಮುಕುತ್ತಾನೆ, ಇಲ್ಲಿ ನೀರು ಹಂತ ಹಂತವಾಗಿ ಬಂಡೆಯ ಮೇಲೆ ಹರಡಿಕೊಂಡು ಇಳಿಯುತ್ತದೆ. ಈ ನೀರು ಮುಂದೆ ಮಾಂಡವಿಯನ್ನು ಸೇರುತ್ತದೆ. ನಾವು ಮಹದಾಯಿ ಎನ್ನುವುದೂ ಅದೇ ನದಿಗೆ.

ಮರಾಠಿ, ಕೊಂಕಣಿ ಬಲ್ಲ ನಿಮಗೆ ಹೆಸರಿನ ಅರ್ಥ ಹೇಳಬೇಕಾಗಿಲ್ಲ. ಸ್ನಾನ ಮಾಡುತ್ತಿದ್ದ ರಾಜಕುಮಾರಿ, ಪರಪುರುಷ ನೋಡಿದನೆಂದು ಕೊಡದ ಹಾಲನ್ನು ಸುರಿದು ಮರೆ ಮಾಡಿಕೊಂಡಳೆಂದು ಕಥೆಯಿದೆ. ವಿಜ್ಞಾನದ ಪ್ರಕಾರವೂ ಹಾಲಿನ ಹೋಲಿಕೆ ಸುಳ್ಳಲ್ಲ. ಹಾಲು ಬೆಳ್ಳಗಿರುವುದು ಅದರಲ್ಲಿ ತೇಲುವ ಜಿಡ್ಡಿನ ಸಣ್ಣ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ. ಬಂಡೆಗೆ ಬಡಿದು ಒಡೆದ ನೀರಿನಲ್ಲಿ ಹನಿಗಳೂ ಗಾಳಿಯ ಗುಳ್ಳೆಗಳೂ ಅದೇ ಕೆಲಸ ಮಾಡುತ್ತವೆ.

ಇನ್ನು ರೈಲಿನ ವಿಷಯ. ಜಲಪಾತದ ಎದುರಿಗೇ, ನೀರಿನ ತುಂತುರು ತಾಗುವಷ್ಟು ಸಮೀಪದಲ್ಲಿ ಸೇತುವೆಯ ಮೇಲೆ ರೈಲು ಹಾಯುತ್ತದೆ. ಪೋರ್ಚುಗೀಸರ ಗೋವಾದ ಮುರಗಾಂವ ಬಂದರಿಗೂ ಬ್ರಿಟಿಷರ ಮುಲುಕಿಗೂ ಸಂಪರ್ಕ ಮಾಡಲು 1880ರ ದಶಕದಲ್ಲಿ ಹಾಕಿದ ದಾರಿ ಇದು. ಮೇಲೆ ಕ್ಯಾಸಲ್ ರಾಕ್, ಅದು ಉತ್ತರ ಕನ್ನಡ ಜಿಲ್ಲೆ. ಕೆಳಗೆ ಕುಳೆಂ, ಅದು ಗೋವಾ. ನಡುವಿನ ಸುಮಾರು 26 ಕಿಲೋಮೀಟರ್ ಘಟ್ಟದಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಚಡಾವು. ರೈಲಿನ ಲೆಕ್ಕದಲ್ಲಿ ಇದು ಬಹಳ ಕಡಿದು. ಅದಕ್ಕೇ ಗಾಡಿಗೆ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸುತ್ತಾರೆ, ಗಾಡಿಯೂ ನಿಧಾನ ಹೋಗುತ್ತದೆ.

1987ರ ಜುಲೈಯಲ್ಲಿ ನಾನು ಗೋವಾದ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಆಗಿನ್ನೂ ಮೀಟರ್ ಗೇಜ್. ಒಂದು ರವಿವಾರ ನಾವು ನಾಲ್ವರು ಗೆಳೆಯರು ಬುತ್ತಿ ಕಟ್ಟಿಕೊಂಡು ಕುಳೆಂನಿಂದ ಹಳಿಯ ಮೇಲೆ ನಡೆದೆವು. ಸುಮಾರು ಹನ್ನೊಂದು ಕಿಲೋಮೀಟರ್. ಮಳೆ ಸುರಿಯುತ್ತಲೇ ಇತ್ತು. ಒಂದು ಸುರಂಗದ ನಡುವೆ ಇದ್ದಾಗ ಕಾಲ ಕೆಳಗಿನ ಜಲ್ಲಿ ನಡುಗಿದಂತಾಯಿತು. ನೋಡಿದರೆ ಎದುರಿಗೆ ಗಾಡಿಯ ದೀಪ. ಗೋಡೆಯಲ್ಲಿ ಕೆಲಸಗಾರರು ಸರಿದು ನಿಲ್ಲಲೆಂದು ಬಿಟ್ಟ ಗೂಡೊಂದು ಹತ್ತಿರವೇ ಇತ್ತು, ನಾಲ್ವರೂ ಅದರೊಳಗೆ ತುರುಕಿಕೊಂಡೆವು. ನನ್ನ ಕೈಯಲ್ಲಿದ್ದ ಕೊಡೆ ಹೊರಗೆ ಚಾಚಿತ್ತು. ಗಾಡಿ ಹೋದ ಮೇಲೆ ಕೈಯಲ್ಲಿ ಹಿಡಿಕೆ ಮಾತ್ರ ಉಳಿದಿತ್ತು.

ಗಾಡಿಯ ಸದ್ದು ಕೇಳಲಿಲ್ಲವೇ ಎಂದು ನೀವು ಕೇಳಬಹುದು. ಕೇಳಲಿಲ್ಲ. ಮಳೆಯ ಸದ್ದು, ಹಳ್ಳದ ಸದ್ದು ಎಲ್ಲವನ್ನೂ ನುಂಗುತ್ತವೆ. ಇಳಿಜಾರಿನಲ್ಲಿ ಬರುವ ಗಾಡಿಯ ಎಂಜಿನ್ ಏರುವಾಗಿನಂತೆ ದಮ್ಮು ಕಟ್ಟಿ ಕೂಗುವುದಿಲ್ಲ. ತಿರುವುಗಳಿರುವುದರಿಂದ ದೂರದಿಂದ ಕಾಣುವುದೂ ಇಲ್ಲ. ಬದಿಗೆ ಸರಿಯೋಣವೆಂದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ.

ಹಳಿಯ ಮೇಲೆ ನಡೆಯುವುದು ಅಪರಾಧವೂ ಹೌದು. 2023ರ ಜುಲೈಯಲ್ಲಿ ಗೋವಾದ ಅರಣ್ಯ ಇಲಾಖೆ ಜಲಪಾತಗಳಿಗೆ ಪ್ರವೇಶ ನಿಷೇಧಿಸಿತ್ತು. ಆದರೂ ಹಳಿ ಹಿಡಿದು ಬಂದ ನೂರಾರು ಮಂದಿಯನ್ನು ರೈಲ್ವೆ ರಕ್ಷಣಾ ದಳದವರು ತಡೆದರು, ಕೆಲವರಿಂದ ಬಸಕಿ ಹೊಡೆಸಿದರು. ಬಸಕಿ ಹೊಡೆಸಿದ್ದು ಸರಿಯೋ ತಪ್ಪೋ, ಆ ಮಾತು ಬೇರೆ. ತಡೆದದ್ದಂತೂ ಸರಿ.

ಹಾಗಾದರೆ ನೋಡುವುದು ಹೇಗೆ? ಮಳೆಗಾಲದಲ್ಲಿ ರೈಲಿನಲ್ಲಿ ಕುಳಿತೇ ನೋಡಬೇಕು. ಮಿರಜ, ಬೆಳಗಾವಿ, ಲೋಂಡಾ, ಕ್ಯಾಸಲ್ ರಾಕ್, ಹೀಗೆ ದಾರಿ. ಹಗಲು ಹೊತ್ತಿನಲ್ಲಿ ಘಟ್ಟ ದಾಟುವ ಗಾಡಿ ಯಾವುದೆಂದು ನಿಲ್ದಾಣದಲ್ಲಿ ವಿಚಾರಿಸಿ, ಸಮಯ ಬದಲಾಗುತ್ತಿರುತ್ತದೆ. ರಾತ್ರಿಯ ಗಾಡಿ ಹಿಡಿದರೆ ದುಡ್ಡು ದಂಡ. ನೀರು ಯಾವ ಪಕ್ಕಕ್ಕೆ ಬರುತ್ತದೆಂದು ಸಹಪ್ರಯಾಣಿಕರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬಾಗಿಲಲ್ಲಿ ಜೋತಾಡಬೇಡಿ. ಎರಡು ನಿಮಿಷದ ನೋಟ ಅಷ್ಟೇ, ಆದರೆ ಬೆಟ್ಟವೇ ಬಿಳಿಯಾದ ನೋಟ.

ಹತ್ತಿರ ಹೋಗಬೇಕೆಂದರೆ ಮಳೆ ಮುಗಿಯುವವರೆಗೆ ತಡೆಯಬೇಕು. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತನಕ ಕುಳೆಂನಿಂದ ಪರವಾನಗಿ ಪಡೆದ ಜೀಪುಗಳು ಹೋಗುತ್ತವೆ. ಒಂದು ಜೀಪಿಗೆ ಆರೇಳು ಮಂದಿ, ಮುಕ್ಕಾಲು ತಾಸಿನ ಕಾಡು ದಾರಿ, ನಡುವೆ ಹರಿಯುವ ಹಳ್ಳಗಳನ್ನೇ ದಾಟಬೇಕು. ಮಳೆಗಾಲದಲ್ಲಿ ಜೀಪು ಬಿಡದಿರುವುದಕ್ಕೆ ಇದೇ ಕಾರಣ. ಕೊನೆಗೆ ಬಂಡೆಗಳ ಮೇಲೆ ಸ್ವಲ್ಪ ನಡಿಗೆ. ಕೈಯಲ್ಲಿ ತಿಂಡಿಯ ಚೀಲ ಹಿಡಿದು ನಡೆಯಬೇಡಿ, ಮಂಗಗಳಿಗೆ ನಮ್ಮ ಬುತ್ತಿ ಚೆನ್ನಾಗಿ ಗೊತ್ತು.

ಮಳೆ ನಿಂತ ಮೇಲೂ ನೀರು ಎಲ್ಲಿಂದ ಬರುತ್ತದೆ? ಕಾಡಿನ ಮಣ್ಣು, ಕೊಳೆತ ಎಲೆ, ಬೇರು ಇವು ಮಳೆಯ ನೀರನ್ನು ಉಳಿತಾಯ ಖಾತೆಯಂತೆ ಜಮಾ ಇಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಕೊಡುತ್ತವೆ. ಏಪ್ರಿಲ್ ಹೊತ್ತಿಗೆ ಶಿಲ್ಕು ಕಡಿಮೆಯಾಗಿ ಧಾರೆ ಸಣ್ಣದಾಗುತ್ತದೆ. ಡಿಸೆಂಬರಿನೊಳಗೆ ಹೋಗುವುದು ಲೇಸು.

ಕೆಳಗಿನ ಮಡುವಿನಲ್ಲಿ ಇಳಿಯುವವರು ಕೊಟ್ಟ ಲೈಫ್ ಜಾಕೆಟನ್ನು ಬಿಚ್ಚಬಾರದು. ನೊರೆ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಅದು ಮೈಯನ್ನು ಬಾವಿಯ ನೀರಿನಷ್ಟು ಎತ್ತಿ ಹಿಡಿಯುವುದಿಲ್ಲ, ಊರ ಬಾವಿಯಲ್ಲಿ ಈಜು ಕಲಿತವರೂ ಇಲ್ಲಿ ಮೋಸ ಹೋಗುತ್ತಾರೆ. ಇನ್ನೊಂದು ಮಾತು. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲೆ ಜೋಯಿಡಾ ಕಡೆಯ ಕಾಡಿನಲ್ಲಿ ಮಳೆಯಾದರೆ ನೀರು ಒಮ್ಮೆಲೇ ಏರಬಹುದು. ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಬಟ್ಟೆಗಳನ್ನು ಅಲ್ಲೇ ಬಿಟ್ಟು ಎತ್ತರಕ್ಕೆ ಹತ್ತಿ.

ಸಮಯ ಉಳಿದರೆ ಅದೇ ಕಾಡಿನ ಅಂಚಿನಲ್ಲಿರುವ ತಾಂಬಡಿ ಸುರ್ಲಾದ ಮಹಾದೇವ ಗುಡಿಯನ್ನು ನೋಡಿ ಬನ್ನಿ. ಗೋವೆಯ ಕದಂಬರ ಕಾಲದ ಕರಿಕಲ್ಲಿನ ಗುಡಿ. ಅದರ ಕಂಬಗಳನ್ನು ಕಂಡಾಗ ನಮ್ಮ ಕಡೆಯ ಹಳೆಯ ಗುಡಿಗಳ ನೆನಪಾಗದೆ ಇರದು.

ಅಳಿಯನಿಗೆ ಇಷ್ಟನ್ನೂ ಹೇಳಿದೆ. ಕೊಡೆಯ ಹಿಡಿಕೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ಅದನ್ನೂ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದ. "ಹಂಗಾದ್ರ ದೀಪಾವಳಿ ಮುಗಿಸಿ ಜೀಪಿನಾಗ ಹೋಗೂಣ್ರಿ ಮಾಮಾ. ಅವ್ವನ್ನೂ ಕರಕೊಂಡು ಹೋಗೂಣು, ಆಕಿ ಗೋವಾ ಕಂಡಿಲ್ಲ" ಎಂದ. ನಾಲ್ಕು ಟಿಕೀಟು ತೆಗೆಸಲು ಹೇಳಿದ್ದೇನೆ.