ಕೋಲದಂಗಳದಿಂದ ಬೆಳ್ಳಿತೆರೆಗೆ

ದೀಪಾವಳಿ ಕಳೆದು, ತುಳುನಾಡಿನ ದೈವಸ್ಥಾನಗಳ ಅಂಗಳಗಳಲ್ಲಿ ಮತ್ತೆ ಗಗ್ಗರದ ಸದ್ದು ಕೇಳತೊಡಗುವ ಕಾಲ ಅದು. ಉಡುಪಿಯ ನಮ್ಮ ಮನೆಗೆ ಒಂದು ಭಾನುವಾರ ಮೂವರು ಅತಿಥಿಗಳು ಬಂದಿದ್ದರು. ಕಾಪುವಿನಿಂದ ನನ್ನ ಅಕ್ಕನ ಗಂಡ, ನಿವೃತ್ತ ಉಪಾಧ್ಯಾಯರು. ಮಣಿಪಾಲದಲ್ಲಿ ಓದುತ್ತಿರುವ ಅವರ ಮಗಳು. ಕಾರ್ಕಳದಿಂದ ನನ್ನ ಸಹಪಾಠಿಯಾಗಿದ್ದ ವಕೀಲ ಮಿತ್ರರು. ಊಟವಾದ ಮೇಲೆ ಭಾವನವರು ಕಿಸೆಯಿಂದ ಒಂದು ಕಾಗದವನ್ನು ತೆಗೆದು ನಮ್ಮ ಮುಂದಿಟ್ಟರು. ಅವರ ಊರಿನ ದೈವಸ್ಥಾನದ ಸಮಿತಿಗೆ ಯುವಕರು ಬರೆದ ಮನವಿ ಅದು. ಈ ವರ್ಷದ ಕೋಲಕ್ಕೆ ಬಣ್ಣದ ದೀಪಗಳನ್ನು ಹಾಕಿಸಬೇಕು, ನಾಲ್ಕು ಕ್ಯಾಮರಾಗಳನ್ನಿಟ್ಟು ಚಿತ್ರೀಕರಿಸಬೇಕು, ಪರವೂರುಗಳಲ್ಲಿರುವವರಿಗೆ ನೇರವಾಗಿ ತೋರಿಸಬೇಕು ಎಂದು ಅದರಲ್ಲಿತ್ತು. ಕೊನೆಯಲ್ಲಿ ಒಂದು ಸಾಲು: ‘ಕಾಂತಾರ’ದಲ್ಲಿರುವಂತೆ ಆದರೆ ಬಹಳ ಚೆನ್ನ.

“ಈ ಕೊನೆಯ ಸಾಲಿಗೆ ನಾನು ಏನೆಂದು ಉತ್ತರ ಬರೆಯಲಿ, ಭಾವ?” ಎಂದರು ಅವರು.

ಉತ್ತರ ಹುಡುಕಲು ಹೊರಟ ನಾವು ಸಂಜೆಯ ಕಾಫಿಯವರೆಗೂ ವಾದಿಸಿದೆವು. ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ವಾಚಕರಿಗಾಗಿ ಅದರ ಸಾರವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಕೆರಾಡಿಯಿಂದ ಹೊರಟ ದಾರಿ

ಚರ್ಚೆಗೆ ಮೊದಲು ನಿರ್ದೇಶಕರ ಕೆಲಸವನ್ನು ಒಮ್ಮೆ ನೋಡಿಕೊಳ್ಳುವುದು ನ್ಯಾಯ. ಶ್ರೀ ರಿಷಬ್ ಶೆಟ್ಟಿಯವರು ಕುಂದಾಪುರ ತಾಲೂಕಿನ ಕೆರಾಡಿಯವರು. 2016ರಲ್ಲಿ ಅವರು ನಿರ್ದೇಶಿಸಿದ ಎರಡು ಚಿತ್ರಗಳು ಹೊರಬಂದವು. ಮೊದಲನೆಯದು ‘ರಿಕ್ಕಿ’, ನೆಲ ಕಳೆದುಕೊಂಡ ಮನೆಯ ಹೆಣ್ಣುಮಗಳು ನಕ್ಸಲರ ದಾರಿ ಹಿಡಿಯುವ ಕಥೆ. ಎರಡನೆಯದಾದ ‘ಕಿರಿಕ್ ಪಾರ್ಟಿ’ ಕಾಲೇಜು ಹುಡುಗರ ಚಿತ್ರ. ಅದು ಕಂಡ ಯಶಸ್ಸು ಎಲ್ಲರಿಗೂ ತಿಳಿದದ್ದೇ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರವು 1956ರಲ್ಲಿ ಕೇರಳಕ್ಕೆ ಸೇರಿಹೋದ ನಾಡಿನ ಕನ್ನಡ ಶಾಲೆಯೊಂದರ ಅಳಿವು ಉಳಿವನ್ನು ಮಕ್ಕಳ ನಗುವಿನೊಳಗಿಟ್ಟು ಹೇಳಿತು. ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಬಳಿಕ ಬಂದದ್ದು 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’. ಸುಮಾರು 16 ಕೋಟಿ ರೂಪಾಯಿಗಳಲ್ಲಿ ತಯಾರಾಯಿತೆಂದು ಹೇಳಲಾದ ಈ ಚಿತ್ರ 400 ಕೋಟಿಗೂ ಮಿಕ್ಕಿ ಗಳಿಸಿತೆಂದು ಪತ್ರಿಕೆಗಳು ವರದಿ ಮಾಡಿದವು. ಮೊದಲು ಕನ್ನಡದಲ್ಲಿ ಮಾತ್ರ ಬಂದ ಚಿತ್ರವನ್ನು ಎರಡು ವಾರಗಳೊಳಗೆ ಹಿಂದಿಗೆ ಒಯ್ಯಬೇಕಾಯಿತು. ಡಿಸೆಂಬರಿನಲ್ಲಿ ತುಳುವಿನಲ್ಲೂ ಬಂದಿತು. ಅದರ ಅಭಿನಯಕ್ಕಾಗಿ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ 2024ರಲ್ಲಿ ಘೋಷಣೆಯಾಯಿತು. 2025ರ ಅಕ್ಟೋಬರ್ 2ರಂದು, ಕಥೆಯನ್ನು ಕದಂಬರ ಕಾಲಕ್ಕೆ ಹಿಂದೊಯ್ದ ‘ಕಾಂತಾರ: ಅಧ್ಯಾಯ 1’ ಬಂದು, ಗಳಿಕೆಯಲ್ಲಿ ತನ್ನ ಹಿರಿಯಣ್ಣನನ್ನೂ ಮೀರಿಸಿತು.

ನೋಡುವ ಕಣ್ಣಿಗೆ ಇಲ್ಲೊಂದು ಎಳೆ ಕಾಣುತ್ತದೆ. ಕಾಲೇಜಿನ ಕಥೆಯೊಂದನ್ನು ಬಿಟ್ಟರೆ ಈ ನಿರ್ದೇಶಕರು ಮತ್ತೆ ಮತ್ತೆ ಕೇಳಿರುವುದು ಒಂದೇ ಪ್ರಶ್ನೆ: ಈ ನೆಲ ಯಾರದು? ‘ಕಾಂತಾರ’ದಲ್ಲಿ 1847ರಲ್ಲಿ ಅರಸನೊಬ್ಬ ದೈವಕ್ಕೆ ಮಾತುಕೊಟ್ಟು ಊರವರಿಗೆ ಬಿಟ್ಟುಕೊಟ್ಟ ಭೂಮಿಯನ್ನು 1970ರಲ್ಲಿ ಅವನ ವಂಶದವನು ಮರಳಿ ಕೇಳುತ್ತಾನೆ, 1990ರಲ್ಲಿ ಅರಣ್ಯ ಇಲಾಖೆಯೂ ಬಂದು ಗಡಿಕಲ್ಲು ನೆಡುತ್ತದೆ. ಮಿಕ್ಕದ್ದೆಲ್ಲ ಈ ಕಾಂಡದ ಕೊಂಬೆಗಳು.

ಕಾಪುವಿನ ಆಕ್ಷೇಪ

ಭಾವನವರು ಚಿತ್ರವನ್ನು ಎರಡು ಸಲ ನೋಡಿದವರು. ಆರಂಭದ ಕೋಲದ ದೃಶ್ಯವನ್ನು ಅವರು ಬಾಯಿತುಂಬ ಹೊಗಳುತ್ತಾರೆ. ನುಡಿಯುತ್ತಿರುವುದು ದೈವವೋ ನರ್ತಕನೋ ಎಂದು ಧಣಿ ಹಂಗಿಸುವುದು, ಅದಕ್ಕೆ ಉತ್ತರವಾಗಿ ದೈವ ಕಾಡಿನೊಳಕ್ಕೆ ಓಡಿ ಕಣ್ಮರೆಯಾಗುವುದು, ಇವು ಅವರ ಪ್ರಕಾರ ಕೋಲದ ಮರ್ಮವನ್ನೇ ಹಿಡಿದ ಕ್ಷಣಗಳು.

“ಆದರೆ ಕೊನೆಯ ಅರ್ಧ ಗಂಟೆಯಲ್ಲಿ ಏನಾಯಿತು?” ಎಂದು ಅವರು ಕೇಳಿದರು. “ಕೋಲದಲ್ಲಿ ದೈವದ ಬಲವಿರುವುದು ನುಡಿಯಲ್ಲಿ. ಪಾಡ್ದನದ ಹಿಂದಿನಿಂದ ಅದು ಬರುತ್ತದೆ, ಗುತ್ತಿನವನನ್ನೂ ಒಕ್ಕಲಿನವನನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿ ವಿಚಾರಿಸುತ್ತದೆ. ವರ್ಷವಿಡೀ ಧಣಿಯ ಮುಂದೆ ತಲೆಬಾಗಿ ನಿಂತವನು ಆ ಒಂದು ರಾತ್ರಿ ಧಣಿಯನ್ನು ಪ್ರಶ್ನಿಸುತ್ತಾನೆ. ತೆರೆಯ ಮೇಲೆ ಉಳಿದದ್ದು ಕೂಗು ಮಾತ್ರ. ಈಗ ನಮ್ಮ ಹುಡುಗರಿಗೂ ಕೂಗೇ ಬೇಕು; ನುಡಿ ಕೇಳುವ ತಾಳ್ಮೆಯಿಲ್ಲ.”

ಮಗಳು ಬಿಡಲಿಲ್ಲ. “ಅಪ್ಪ, ಎರಡು ವರ್ಷಗಳಿಗೊಮ್ಮೆ ನಮ್ಮ ಕಾಪುವಿನಲ್ಲೇ ನಡೆಯುವ ಪಿಲಿಕೋಲದಲ್ಲಿ ನುಡಿ ಕೇಳುವುದಕ್ಕೆ ಜನ ಬರುತ್ತಾರೆಯೇ? ಹುಲಿಯಾಗಿ ಬಂದ ದೈವ ಅಟ್ಟಿಸಿಕೊಂಡು ಬರುವಾಗ ಸಾವಿರಾರು ಮಂದಿ ಓಡುತ್ತಾರಲ್ಲ, ಅದು ನೋಟವಲ್ಲವೇ? ರೋಮಾಂಚನವನ್ನು ರಿಷಬ್ ಶೆಟ್ಟಿಯವರು ಹೊರಗಿನಿಂದ ತಂದು ಸೇರಿಸಿದ್ದಲ್ಲ. ಅದು ಮೊದಲೇ ಇಲ್ಲಿತ್ತು.”

ಇದು ತೂಕದ ಮಾತೇ. ಭಾವನವರೂ ಕ್ಷಣಕಾಲ ಸುಮ್ಮನಾದರು. ಬಳಿಕ ನಿಧಾನವಾಗಿ ಹೇಳಿದರು: “ಪಿಲಿ ಯಾರನ್ನು ಮುಟ್ಟುತ್ತದೋ ಅವರಿಗೆ ಕೇಡೆಂಬ ನಂಬಿಕೆಯಿದೆ, ಮಗಳೇ. ಅಲ್ಲಿ ಓಡುವವನು ತನ್ನ ಪ್ರಾಣಕ್ಕೆ ಹೆದರಿ ಓಡುತ್ತಾನೆ. ಚಿತ್ರಮಂದಿರದಲ್ಲಿ ದೈವ ಯಾರನ್ನೂ ಮುಟ್ಟುವುದಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡದು.”

ಚಿತ್ರ ನೋಡಿದವರು ದೈವದ ವೇಷ ಧರಿಸಿ ಬೀದಿಗಳಲ್ಲಿಯೂ ಚಿತ್ರಮಂದಿರಗಳಲ್ಲಿಯೂ ಕುಣಿದುದು, ಅದರಿಂದ ದೈವಾರಾಧಕರ ಮನಸ್ಸು ನೊಂದದ್ದು, ಹಾಗೆ ಅನುಕರಿಸಬಾರದೆಂದು ನಿರ್ದೇಶಕರೂ ಹೊಂಬಾಳೆ ಸಂಸ್ಥೆಯವರೂ ಬಹಿರಂಗವಾಗಿ ಬೇಡಿಕೊಂಡದ್ದು ಈಚಿನ ಸಂಗತಿಗಳೇ. ಇದು ಅವರ ಸದ್ಭಾವನೆಗೆ ಸಾಕ್ಷಿ, ನಿಜ. ಆದರೆ ಬಿಟ್ಟ ಬಾಣವನ್ನು ಮರಳಿ ಕರೆಯುವ ವಿದ್ಯೆ ಯಾರಿಗಿದೆ?

ಕಾರ್ಕಳದ ಪ್ರಶ್ನೆ

ವಕೀಲ ಮಿತ್ರರಿಗೆ ಕೂಗಿನ ಚಿಂತೆಯಿರಲಿಲ್ಲ. ಅವರ ಮನಸ್ಸು ಗಡಿಕಲ್ಲಿನ ಮೇಲೆಯೇ ನಿಂತಿತ್ತು. ಕಾರ್ಕಳ ತಾಲೂಕಿನ ಪೂರ್ವದ ಅಂಚು ಪಶ್ಚಿಮ ಘಟ್ಟಕ್ಕೆ ಒರಗಿಕೊಂಡಿದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಂದಿನಿಂದ ಅಲ್ಲಿಯ ಮಲೆಕುಡಿಯರ ಮನೆಗಳಲ್ಲಿ ಒಕ್ಕಲೆಬ್ಬಿಸುವ ಮಾತು ಕೇಳಿಬರುತ್ತಲೇ ಇದೆ. 2003ರ ನವೆಂಬರಿನಲ್ಲಿ ಇದೇ ತಾಲೂಕಿನ ಈದುವಿನಲ್ಲಿ ಪೋಲೀಸರ ಗುಂಡಿಗೆ ಇಬ್ಬರು ನಕ್ಸಲ್ ಯುವತಿಯರು ಬಲಿಯಾದರು. ಹಾಗಾಗಿ ‘ರಿಕ್ಕಿ’ಯ ಕಥೆಯಾಗಲಿ ‘ಕಾಂತಾರ’ದ ಕಥೆಯಾಗಲಿ ಇಲ್ಲಿಯವರಿಗೆ ಕಟ್ಟುಕಥೆಯಲ್ಲ.

“ಚಿತ್ರದಲ್ಲಿ ಏನಾಗುತ್ತದೆ ನೋಡಿ,” ಎಂದರು ಅವರು. “ದುಷ್ಟ ಧಣಿಯನ್ನು ಗುಳಿಗ ಸಂಹರಿಸುತ್ತಾನೆ. ಆಮೇಲೆ ದೈವ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಕೂಡಿಸಿ ಎದೆಗೊತ್ತಿಕೊಂಡು ಕಾಡಿಗೆ ನಡೆಯುತ್ತದೆ. ನಾನೂ ಕಣ್ಣೊರಸಿಕೊಂಡೆ, ಸುಳ್ಳೇಕೆ ಹೇಳಲಿ? ಹೊರಗೆ ಬಂದು ಬೈಕು ಹತ್ತುವಾಗ ನೆನಪಾಯಿತು, ಆ ಗಡಿಕಲ್ಲು ಎಲ್ಲಿಗೆ ಹೋಯಿತು? ಸಂರಕ್ಷಿತ ಅರಣ್ಯದ ಕಾನೂನು ಏನಾಯಿತು? 1974ರ ಭೂಸುಧಾರಣೆಯಲ್ಲಿ ಈ ಜಿಲ್ಲೆಯ ಗೇಣಿದಾರರು ದೈವದ ಆವೇಶದಿಂದ ಒಡೆಯರಾದವರಲ್ಲ. ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿಯ ಬಾಗಿಲು ಕಾದರು, ಸಾಕ್ಷಿ ನುಡಿದರು. 2006ರ ಅರಣ್ಯಹಕ್ಕು ಕಾಯಿದೆಯಲ್ಲಿಯೂ ಹಾಗೆಯೇ ಕಾಯಬೇಕಾಗಿದೆ. ಕೇಡೆಲ್ಲವನ್ನೂ ಒಬ್ಬ ಧಣಿಯ ತಲೆಗೆ ಕಟ್ಟಿದರೆ ಚಿತ್ರ ಮುಗಿಯುತ್ತದೆ, ಕಡತ ಮುಗಿಯುವುದಿಲ್ಲ.”

ಈ ಮಾತಿಗೆ ನಾನು ಪ್ರತಿವಾದಿಯಾದೆ. ಜನಪ್ರಿಯ ಚಿತ್ರವೊಂದರಿಂದ ತೀರ್ಪನ್ನು ಬೇಡುವುದು ತರವೇ? ಗಡಿಕಲ್ಲು ನೆಡುವ ಅಧಿಕಾರಿಯನ್ನು ಖಳನನ್ನಾಗಿ ಮಾಡದೆ, ಅವನೂ ಅರಣ್ಯವನ್ನು ಪ್ರೀತಿಸುವವನೇ ಎಂದು ತೋರಿಸಿದ್ದು ನಿರ್ದೇಶಕರ ವಿವೇಕವಲ್ಲವೇ? ಕಾಡಂಚಿನ ಒಕ್ಕಲಿನ ಸಂಕಟ ಇಂದಿನವರೆಗೆ ಯಾವ ವರದಿಯಿಂದಲೂ ದೆಹಲಿಯ, ಮುಂಬಯಿಯ ಪ್ರೇಕ್ಷಕನ ಮುಂದೆ ಹೋಗಿ ನಿಂತಿರಲಿಲ್ಲ. ವಕೀಲರು ನಕ್ಕು, “ಪ್ರಶ್ನೆಯನ್ನು ಕೋಟಿ ಜನರ ಮುಂದಿಟ್ಟದ್ದಕ್ಕೆ ಕೈಮುಗಿಯುತ್ತೇನೆ. ಉತ್ತರ ಸಿಕ್ಕಿತೆಂಬ ಸಮಾಧಾನದಿಂದ ಅವರನ್ನು ಮನೆಗೆ ಕಳುಹಿಸಿದ್ದಕ್ಕೆ ಮಾತ್ರ ನನ್ನ ತಕರಾರು,” ಎಂದರು.

ಮಣಿಪಾಲದ ಮಾತು

ಸೊಸೆಗೆ ಚಿತ್ರದ ಮೇಲೆ ಅಭಿಮಾನವೂ ಇದೆ, ಸಿಟ್ಟೂ ಇದೆ. ಅಭಿಮಾನ ಭಾಷೆಯ ಕಾರಣದಿಂದ. ಕನ್ನಡ ಚಿತ್ರಗಳಲ್ಲಿ ಕರಾವಳಿಯ ಮಾತೆಂದರೆ ಅಡಿಗೆಯ ಭಟ್ಟರ ಬಾಯಿಂದ ಬಂದು ಜನರನ್ನು ನಗಿಸುವ ಮಾತಾಗಿತ್ತು. ಬ್ರಹ್ಮಾವರ ದಾಟಿದರೆ ಕಿವಿಗೆ ಬೀಳುವ ಕುಂದಾಪುರದ ಕನ್ನಡವನ್ನು ನಾಯಕನ ಬಾಯಲ್ಲಿಟ್ಟು, ಅದರಲ್ಲೇ ಪ್ರೇಮ, ಕೋಪ, ದುಃಖಗಳನ್ನು ನುಡಿಸಿದ್ದು ಸಣ್ಣ ಸಾಧನೆಯಲ್ಲ. “ಬೆಂಗಳೂರಿನ ಗೆಳತಿಯರು ಈಗ ನನ್ನ ಉಚ್ಚಾರವನ್ನು ಅಣಕಿಸುವುದಿಲ್ಲ, ಮಾವ, ಕಲಿಸಿಕೊಡು ಎನ್ನುತ್ತಾರೆ,” ಎಂದಳು.

ಸಿಟ್ಟಿಗೆ ಕಾರಣ ನಾಯಕಿ ಲೀಲಾ. ಓದಿ ಅರಣ್ಯ ರಕ್ಷಕಿಯಾಗಿ ಊರಿಗೆ ಮರಳಿದ ಹುಡುಗಿ ಅವಳು. ಇಲಾಖೆಯ ಸಮವಸ್ತ್ರ ಒಂದು ಕಡೆ, ಸ್ವಂತ ಮನೆಯವರ ನೆಲ ಇನ್ನೊಂದು ಕಡೆ. ಇಂಥ ಪಾತ್ರವನ್ನು ಸೃಷ್ಟಿಸಿದ ಮೇಲೆ ಅವಳ ತಾಕಲಾಟವನ್ನು ಕೇಳುವವರಿಲ್ಲ. ನಾಯಕ ಅವಳ ಸೊಂಟ ಚಿವುಟುವುದನ್ನು ಚಿತ್ರ ತಮಾಷೆಯೆಂದು ದಾಟಿಸುತ್ತದೆ. “ವೈದೇಹಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸು’ ಇದೇ ಕುಂದಾಪುರದ ಕಡಲ ಬದಿಯದಲ್ಲವೇ? ಅಲ್ಲಿ ಉಮಾಶ್ರೀಯವರ ಗುಲಾಬಿಯನ್ನು ನೋಡಿ. ಒಬ್ಬ ಬಡ ಸೂಲಗಿತ್ತಿಯ ಮೂಲಕ ಊರಿಗೆ ಊರೇ ಒಡೆಯುವುದು ಕಾಣಿಸುತ್ತದೆ,” ಎಂದು ಅವಳು ಕೇಳಿದಳು.

ಹೋಲಿಕೆ ಸರಿಯೇ ಎಂಬ ಬಗ್ಗೆ ನಮ್ಮಲ್ಲಿ ಒಮ್ಮತವಾಗಲಿಲ್ಲ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರವನ್ನು ನಮ್ಮ ಬೀದಿಯಲ್ಲಿ ನೋಡಿದವರು ಎಷ್ಟು ಮಂದಿ? ‘ಕಾಂತಾರ’ವನ್ನು ನೋಡದವರು ಎಷ್ಟು ಮಂದಿ? ಹೆಚ್ಚು ಜನ ನೋಡಿದ್ದೇ ಹೆಚ್ಚಿನದೆಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲರಿಗೂ ಅರ್ಥವಾಗುವಂತೆ ಹೇಳುವುದೂ ಒಂದು ಕಲೆ. ಯಕ್ಷಗಾನದ ಬಯಲಾಟದಲ್ಲಿ ಬೆಳೆದ ಈ ಜಿಲ್ಲೆಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಸೊಸೆ ಎತ್ತಿದ ಇನ್ನೊಂದು ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಯಾರಿಗೂ ಸುಲಭದ ಉತ್ತರ ಹೊಳೆಯಲಿಲ್ಲ. ಕೋಲ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯಗಳವರು. ದೈವವಾದ ರಾತ್ರಿ ಊರೇ ಅವರ ಕಾಲಿಗೆರಗುತ್ತದೆ. ಬೆಳಗಾದ ಮೇಲೆ ಅವರು ನಿಂತಿರುತ್ತಿದ್ದುದು ಮೆಟ್ಟಿಲ ಕೆಳಗೆ. ತೆರೆಯ ಮೇಲೆ ವೇಷ ಕಟ್ಟಿ ಕೀರ್ತಿ ಪಡೆದವರು ಆ ಸಮುದಾಯದವರಲ್ಲ. ಹಾಗಾದರೆ ಈ ಚಿತ್ರದಿಂದ ಅವರಿಗೆ ಬಂದದ್ದೇನು? ಏನೂ ಇಲ್ಲವೆನ್ನುವಂತಿಲ್ಲ. ಚಿತ್ರ ಬಿಡುಗಡೆಯಾದ ತಿಂಗಳೊಳಗೆ, 2022ರ ಅಕ್ಟೋಬರಿನಲ್ಲಿ, ರಾಜ್ಯ ಸರಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಗಳ ಮಾಸಾಶನವನ್ನು ಘೋಷಿಸಿತು. ಆಗ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವರಾಗಿದ್ದವರು ಕಾರ್ಕಳದ ಶಾಸಕರಾದ ಶ್ರೀ ವಿ. ಸುನಿಲ್ ಕುಮಾರರೇ. ಕೋಲವನ್ನು ಹುಟ್ಟಿನಿಂದ ನೋಡುತ್ತಿದ್ದ ನಮಗೆ, ಕಟ್ಟುವವನ ಮುದಿತನದ ಗಂಜಿಯ ನೆನಪಾಗಲು ಒಂದು ಸಿನಿಮಾ ಬರಬೇಕಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಉತ್ತರದ ಕಾಗದ

ಇಷ್ಟೆಲ್ಲ ಮಾತಾದ ಮೇಲೆ ನಿರ್ದೇಶಕರ ಬಗ್ಗೆ ನನ್ನ ಅಭಿಪ್ರಾಯವೇನೆಂದು ವಾಚಕರು ಕೇಳಬಹುದು. ತನ್ನ ಊರಿನ ಕಾಡು, ಕಂಬಳ, ಭಾಷೆ, ಭಯಭಕ್ತಿಗಳನ್ನು ನಾಚದೆ, ತಿದ್ದಿ ನಯಮಾಡದೆ ಜಗತ್ತಿನ ಮುಂದಿಟ್ಟ ಧೈರ್ಯ ರಿಷಬ್ ಶೆಟ್ಟಿಯವರದು. ಪ್ರೇಕ್ಷಕನನ್ನು ಹಿಡಿದು ಕೂರಿಸುವ ಕಸುಬಿನಲ್ಲಿ ಅವರಿಗೆ ಸಮನಾದವರು ಇಂದಿನ ಕನ್ನಡದಲ್ಲಿ ವಿರಳ. ಆದರೆ ತಾನೇ ಎತ್ತಿದ ದೊಡ್ಡ ಪ್ರಶ್ನೆಯ ಮುಂದೆ ನಿಲ್ಲಬೇಕಾದಾಗ ಅವರು ಆವೇಶದ ಮೊರೆಹೋಗುತ್ತಾರೆ. ಎರಡನೆಯ ಚಿತ್ರದಲ್ಲಿ ವೈಭವ ಹೆಚ್ಚಿತು, ಯುದ್ಧ ಹೆಚ್ಚಿತು. ಅಂಗಳದ ಆ ಸಣ್ಣ ವಿಚಾರಣೆ ಇನ್ನಷ್ಟು ದೂರ ಸರಿಯಿತೆಂದೇ ನನಗೆ ತೋರಿತು. ಮಕ್ಕಳ ಶಾಲೆಯ ಚಿತ್ರದಲ್ಲಿದ್ದ ಹಗುರವಾದ ಕೈ ಅವರಲ್ಲಿ ಈಗಲೂ ಇದ್ದೀತು. ಅದಕ್ಕೆ ಮತ್ತೆ ಕೆಲಸ ಕೊಡಲಿ ಎಂಬುದು ನನ್ನ ಆಸೆ.

ಭಾವನವರು ಸಂಜೆ ನಮ್ಮ ಚಾವಡಿಯಲ್ಲೇ ಕುಳಿತು ಉತ್ತರ ಬರೆದರು. ಅದಕ್ಕೂ ಮೊದಲು ಅವರು ಕೋಲ ಕಟ್ಟುವ ಹಿರಿಯರಿಗೆ ಫೋನು ಮಾಡಿ ಅಭಿಪ್ರಾಯ ಕೇಳಿದರು. “ಬಣ್ಣ ಹಚ್ಚುವುದನ್ನೂ ಅಣಿ ಕಟ್ಟುವುದನ್ನೂ ಬೇಕಾದರೆ ಚಿತ್ರ ತೆಗೆಯಲಿ, ಮಾಸ್ಟ್ರೇ. ಗಗ್ಗರ ಕಾಲಿಗೇರಿದ ಮೇಲೆ ಬೇಡ. ಆಮೇಲೆ ನಾನು ನಾನಾಗಿರುವುದಿಲ್ಲ. ಆಗ ಒಪ್ಪಿಗೆ ಯಾರು ಕೊಡಬೇಕು?” ಎಂದಿದ್ದರಂತೆ ಅವರು.

ಆ ಮಾತನ್ನೇ ಭಾವನವರು ಕಾಗದದಲ್ಲಿ ಇಳಿಸಿದರು. ಬಣ್ಣದ ದೀಪ ಬೇಡ, ಎಂದಿನ ಬೆಳಕು ಸಾಕು ಎಂದು ಸೇರಿಸಿದರು. ಸೊಸೆ ಓದಿ ನೋಡಿ, ಕೆಳಗೆ ಇನ್ನೊಂದು ಸಾಲು ಬರೆಯಿಸಿದಳು: ದೀಪಕ್ಕೂ ಕ್ಯಾಮರಾಕ್ಕೂ ಯುವಕರು ಕೂಡಿಸಲಿರುವ ಹಣದಲ್ಲಿ ಅರ್ಧವನ್ನು ಕೋಲ ಕಟ್ಟುವವರ, ಪಾಡ್ದನ ಹೇಳುವ ಅವರ ಮನೆಯ ಹೆಂಗಸರ ಸಂಭಾವನೆಗೆ ಕೂಡಿಸಬೇಕು. ವಕೀಲರು “ಇದು ಊರ್ಜಿತವಾಗುವ ಕರಾರು” ಎಂದು ಮೆಚ್ಚಿದರು.

ಸಮಿತಿಯ ಸಭೆ ಮುಂದಿನ ವಾರ. ಯುವಕರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಒಪ್ಪಿದರೆ, ಆ ರಾತ್ರಿ ನಾವು ನಾಲ್ವರೂ ಕಾಪುವಿನ ಆ ಅಂಗಳದಲ್ಲಿ, ಮೊಬೈಲುಗಳನ್ನು ಕಿಸೆಯಲ್ಲಿಟ್ಟುಕೊಂಡು, ನುಡಿ ಕೇಳಲು ನಿಂತಿರುತ್ತೇವೆ.